ಗಾದಿಯ ಮೇಲೆ ಹೇಳಿದ ಸುಳ್ಳು

ನಮ್ಮ ಬೀಗತಿ ನೆಲಕ್ಕೆ ಬಿದ್ದ ಚಮಚವನ್ನು ಕಾಲಿನಿಂದ ಎತ್ತುತ್ತಾರೆ. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಸಿಕ್ಕಿಸಿ, ಮೊಣಕಾಲು ಹಿಂದಕ್ಕೆ ಮಡಚಿ ಕೈಗೆ ತಂದುಕೊಳ್ಳುತ್ತಾರೆ. ಅಷ್ಟಾದರೂ ಬೆನ್ನು ಒಂದಿಷ್ಟೂ ಬಾಗುವುದಿಲ್ಲ. ನನಗಿಂತ ಮೊದಲೇ ಅವರಿಗೆ ಬೆನ್ನಿನ ಆಪರೇಷನ್ ಆಗಿತ್ತು. ಡಾಕ್ಟರು ಬಗ್ಗಬಾರದು ಎಂದಿದ್ದು ಕೆಲವು ತಿಂಗಳಿಗೆ. ಇವರು ಅದನ್ನು ಜನ್ಮಕ್ಕೆ ಎಂದು ತಿಳಿದುಕೊಂಡಿದ್ದರು.

ಅವರು ನನ್ನ ಮಗಳ ಅತ್ತೆ. ಊರು ಶಹಾಪುರ. ನನಗೂ ಕಲಬುರಗಿಯಲ್ಲಿ ಬೆನ್ನು ಕೊಯ್ದು ಸುರಪುರಕ್ಕೆ ಕರೆತಂದಾಗ, ನೋಡಿ ಹೋಗಲೆಂದು ಬಂದರು. ನನ್ನ ಹೆಂಡತಿ ಬೀಗರು ಬಂದರೆಂದು ಹೋಳಿಗೆಗೆ ಬೇಳೆ ಬೇಯಲು ಇಟ್ಟಳು. ಬೀಗತಿ ಬಾಗಿಲಲ್ಲೇ ನಿಂತು, ನಾನು ಹಾಸಿಗೆಯಿಂದ ಏಳುವ ರೀತಿ ನೋಡಿದರು.

“ಹಂಗ ಎದ್ದ್ರ ಮತ್ತ ಕೊಯ್ತಾರ ನೋಡ್ರಿ, ಬೀಗರ. ಮೊದಲ ಮಗ್ಗಲಾಗ್ರಿ. ಕಾಲು ಕೆಳಗ ಬಿಡ್ರಿ. ಈಗ ಮೊಳಕೈ ಊರ್ರಿ.”

ಆಮೇಲೆ ನನ್ನ ಹೆಂಡತಿಗೆ, “ತಂಗಿ, ಹೋಳಿಗಿ ಬ್ಯಾಡ. ನಾ ಬೀಗತಿ ಆಗಿ ಬಂದಿಲ್ಲ. ಇವರು ನೆಟ್ಟಗಾಗೋತನ ಇಲ್ಲೇ ಇರ್ತೀನಿ” ಎಂದರು.

ಇದ್ದೂಬಿಟ್ಟರು. ಹೆಂಡತಿಯ ಮಾತಾದರೆ ಕೇಳಿಸದಂತೆ ಇರಬಹುದು. ಬೀಗತಿಯ ಮುಂದೆ ಅದು ನಡೆಯುವುದಿಲ್ಲ. ಮಗಳನ್ನು ಕೊಟ್ಟ ಮನೆ. ಬೆಳಿಗ್ಗೆ ಓಣಿಯಲ್ಲಿ ನಾನು ಮುಂದೆ, ಅವರು ಹಿಂದೆ. “ಗೋಣು ಯಾಕ ಕೆಳಗ? ಏನ್ ಕಳಕೊಂಡೀರಿ?” ಎಂದು ಹಿಂದಿನಿಂದಲೇ ಕೇಳುವರು. ಮಾತಾಡಿಸಲು ಬಂದವರೊಬ್ಬರು, ಬಳಿಚಕ್ರ ಎಂಬ ಊರಿನ ಕಡೆ ಎಣ್ಣೆ ತಿಕ್ಕಿ ಬೆನ್ನು ಸರಿಮಾಡುವವನಿದ್ದಾನೆ, ಕರೆಸೋಣ ಎಂದರು. ಬೀಗತಿ ಅವರಿಗೆ ಚಹಾ ಕೊಡುತ್ತಲೇ, “ಆಗಲಿ ರೀ, ಮೊದಲ ನೀವು ಕೊಯ್ಸಿಕೊಂಡು ಬರ್ರಿ. ನಿಮಗ ತಿಕ್ಕಸೋಣು, ಹೆಂಗ ಆಗ್ತದ ನೋಡೋಣು” ಎಂದರು. ಅವರು ಚಹಾ ಅರ್ಧ ಬಿಟ್ಟು ಹೋದರು.

ಅವರ ದೆಸೆಯಿಂದ ಗಾಯ ಮಾಯಿತು, ಕಾಲಿನ ಜೋಮು ಇಳಿಯಿತು. ನೆಲದ ಮೇಲೆ ಕೂಡುವುದೊಂದು ಮಾತ್ರ ಇನ್ನೂ ಕೂಡದು ಎಂದಿತ್ತು. ಅಷ್ಟರಲ್ಲಿ ದೀಪಾವಳಿ ಬಂತು.

ನಮ್ಮದು ಬಟ್ಟೆ ಅಂಗಡಿ. ಬಿಳಿ ಹಾಸು ಹಾಸಿದ ಗಾದಿ, ಒರಗಲು ಲೋಡು. ನಮ್ಮಪ್ಪನೂ ಅದರ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕುಳಿತು ಬಟ್ಟೆ ಅಳೆದು ಹರಿದುಕೊಟ್ಟವರು. ಅಮಾವಾಸ್ಯೆಯ ಪೂಜೆಗೆ ಯಜಮಾನ ಗಾದಿಯ ಮೇಲೆ ಇರಲೇಬೇಕು. ಮಗ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟ. ಕುರ್ಚಿಯಲ್ಲೇ ಕೂಡುತ್ತೇನೆಂದು ಬೀಗತಿಗೆ ಮಾತು ಕೊಟ್ಟೆ. ಆದರೆ ಬಂದವರೆಲ್ಲ ಗಾದಿಯ ಮೇಲೆ, ನಾನೊಬ್ಬ ನನ್ನ ಅಂಗಡಿಯಲ್ಲೇ ಬಸ್ಸಿಗೆ ಕಾಯುವವನ ಹಾಗೆ! ಬೀಗತಿ ಇನ್ನಷ್ಟು ಹೂವು ತರಲು ಹೊರಗೆ ಹೋದರು. ನಾನು ಮೆಲ್ಲಗೆ ಕುರ್ಚಿಯಿಂದ ಗಾದಿಗೆ ಇಳಿದೆ.

ಲೋಡು ಬೆನ್ನಿಗೆ ತಾಗಿದಾಗ ಎಂಥ ಸುಖ! ಆ ಸುಖ ಮಂಗಳಾರತಿಯವರೆಗೆ ಇತ್ತು. ಎಲ್ಲರೂ ಎದ್ದರು. ನಾನೂ ಏಳಲು ಹೋದೆ. ಸೊಂಟದಿಂದ ಹಿಮ್ಮಡಿಯವರೆಗೆ ಕಾದ ತಂತಿ ಎಳೆದಂತಾಯಿತು.

“ಏಳ್ರಿ ಸಾವಕಾರ್ರ,” ಎಂದರು ಪೂಜೆ ಮಾಡಿಸಲು ಬಂದಿದ್ದ ಅಯ್ಯನವರು.

“ನಾ ಕುಂತೇ ತಗೋತೀನ್ರಿ.”

ಅವರು ಆರತಿ ತಟ್ಟೆಯನ್ನು ನನ್ನ ಮುಖದ ಹತ್ತಿರ ತಂದರು. ನನ್ನ ಕಣ್ಣಿಂದ ನೀರು ಇಳಿಯುತ್ತಿತ್ತು. ಅಯ್ಯನವರು ನಿಂತವರ ಕಡೆ ತಿರುಗಿ, “ನೋಡ್ರೆಪಾ, ಭಕ್ತಿ ಅಂದ್ರ ಹಿಂಗ ಇರಬೇಕು” ಎಂದರು. ಇಬ್ಬರು ಬಂದು ನನ್ನ ಕಾಲಿಗೂ ಬಿದ್ದರು. ಮುಟ್ಟಿದ್ದು ನೋಯುವ ಕಾಲನ್ನೇ.

ಹಬ್ಬಕ್ಕೆ ಬಂದಿದ್ದ ಮಗಳು ಮಾತ್ರ ಭಕ್ತಿಯನ್ನು ನಂಬಲಿಲ್ಲ. “ಅಪ್ಪಾ, ಕೆಳಗ ಯಾಕ ಕುಂತಿ? ಯಾರ್ ಹೇಳಿದ್ರು ನಿನಗ?”

ಇಡೀ ಅಂಗಡಿ ನನ್ನನ್ನು ನೋಡುತ್ತಿತ್ತು. ಬಾಯಿಗೆ ಬಂದದ್ದು ಹೇಳಿಬಿಟ್ಟೆ: “ನಿಮ್ಮ ಅತ್ತಿನೇ, ಒಂದ್ ಸಲ ಕುಂತ್ರ ನಡೀತದ ಅಂದ್ರು.”

ಹೇಳಿ ತಲೆ ಎತ್ತಿದರೆ, ಹೂವಿನ ಪೊಟ್ಟಣ ಹಿಡಿದು ಬೀಗತಿ ಬಾಗಿಲಲ್ಲಿ ನಿಂತಿದ್ದರು. ಎಲ್ಲವನ್ನೂ ಕೇಳಿದ್ದರು. ನನ್ನನ್ನು ಒಮ್ಮೆ ನೋಡಿದರು. “ಹೂಂ, ಅಂದಿದ್ದೆ,” ಎಂದರು. “ಮೊದಲ ಅವರನ್ನ ಎಬ್ಬಸೋಣು ಬರ್ರಿ.”

ಆಮೇಲೆ ಪೇಡೆ, ಬಾಳೆಹಣ್ಣು, ಚೆಂಡುಹೂವಿನ ನಡುವೆ ನನ್ನನ್ನು ಅಡ್ಡ ಮಲಗಿಸಿ, ಮಗ್ಗುಲಿಗೆ ಹೊರಳಿಸಿ, ಅಂಬೆಗಾಲಿನಲ್ಲಿ ಕುರ್ಚಿಯವರೆಗೆ ನಡೆಸಿದರು. ಬಜಾರದ ಅರ್ಧ ಮಂದಿ ಅದನ್ನು ಕಂಡರು.

ಕಲಬುರಗಿಯಲ್ಲಿ ಮತ್ತೆ ಸ್ಕ್ಯಾನ್ ಆಯಿತು. ಏನೂ ಕೆಟ್ಟಿರಲಿಲ್ಲ, ಸ್ನಾಯು ಹಿಡಿದಿದೆ, ಇನ್ನಷ್ಟು ದಿನ ಎಚ್ಚರದಿಂದಿರಿ ಎಂದು ಡಾಕ್ಟರು ಗದರಿದರು. ಆದರೆ ಮಗಳು ತನ್ನ ಅತ್ತೆಗೆ ಕೇಳಿದ ಮಾತು ಡಾಕ್ಟರು ಗದರಿದ್ದಕ್ಕಿಂತ ದೊಡ್ಡದಿತ್ತು. “ಸ್ವಂತ ಅಣ್ಣ ಆಗಿದ್ರ ಹಿಂಗ ಕುಂದ್ರು ಅಂತಿದ್ರೇನು, ಅತ್ತಿ?” ಎಂದು ಕೇಳಿ ಶಹಾಪುರಕ್ಕೆ ಹೋದಳು. ಅತ್ತೆಯೊಂದಿಗೆ ಮಾತು ಬಿಟ್ಟಳು. ನಾನು ಪಕ್ಕದಲ್ಲೇ ಮಲಗಿದ್ದೆ, ಬಾಯಿ ತೆರೆಯಲಿಲ್ಲ.

ಸಂಜೆ ಬೀಗತಿಯನ್ನೇ ಕೇಳಿದೆ, ಯಾಕೆ ಒಪ್ಪಿಕೊಂಡಿರಿ ಎಂದು.

“ಅಷ್ಟ್ ಮಂದ್ಯಾಗ ನಿಮ್ಮನ್ನ ಸುಳ್ಳ ಅನಿಸ್ಲೇನು? ನೆಟ್ಟಗಾಗ್ರಿ. ಆಮ್ಯಾಗ ನೀವೇ ಹೇಳ್ತೀರಿ.”

ಆ ನಂಬಿಕೆಯಿಂದಲೇ ಅವರು ಮತ್ತೆ ನನ್ನನ್ನು ಓಣಿಯಲ್ಲಿ ನಡೆಸಿದರು. ನಾನು ನೆಟ್ಟಗಾದೆ, ಅವರು ಊರಿಗೆ ಹೋದರು. ಹೇಳುವುದು ಮಾತ್ರ ಆಗಲಿಲ್ಲ. ಫೋನಿನಲ್ಲಿ ಹೇಳುವ ಮಾತಲ್ಲ ಎಂದುಕೊಂಡೆ. ಬಸ್ಸಿನಲ್ಲಿ ಹೋಗೋಣವೆಂದರೆ ರಸ್ತೆಯ ಕುಣಿಗಳನ್ನು ನೆನೆದು ಬೆನ್ನು ಹಿಡಿದುಕೊಳ್ಳುತ್ತಿದ್ದೆ. ಅದೇ ಬೆನ್ನು ಹುಣಸಗಿಯ ಮದುವೆಗೆ ಹೋಗಿ ಬರುವಾಗ ಏನೂ ಅಂದಿರಲಿಲ್ಲ. ಕೊನೆಗೆ ಹೆಂಡತಿಯೇ, “ನಿಮ್ಮ ಬೆನ್ನು ಆರಾಮಾಗಿ ಬಹಳ ದಿನ ಆಯ್ತು. ನಡೀರಿ ಶಹಾಪುರಕ್ಕ” ಎಂದಳು. ನನ್ನ ಸುಳ್ಳು ಅವಳಿಗೆ ಮೊದಲ ದಿನವೇ ತಿಳಿದಿತ್ತಂತೆ.

ಒಬ್ಬನೇ ಹೋದೆ. ಬೀಗತಿ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಶೇಂಗಾ ಸುಲಿಯುತ್ತ ಕುಳಿತಿದ್ದರು. ಒಳಗಿನಿಂದ ಮಗಳ ದನಿ: “ಏ ಬೆಕ್ಕೇ, ಚಾ ಆಗ್ಯಾದ ಅಂತ ಹೊರಗಿನವರಿಗೆ ಹೇಳು.” ಬೀಗತಿ ಕಾಲ ಬಳಿ ಮಲಗಿದ್ದ ಬೆಕ್ಕಿಗೆ, “ಸಕ್ರಿ ಕಮ್ಮಿ ಅಂತ ಹೇಳವ್ವ” ಎಂದರು. ಆ ಮನೆ ಅಷ್ಟು ದಿನವೂ ಹೀಗೇ ನಡೆದಿತ್ತು, ನನ್ನ ಒಂದು ಮಾತಿನಿಂದ.

ಮಗಳನ್ನು ಹೊರಗೆ ಕರೆದು, ಕೂಡದೆ ನಿಂತೇ ಹೇಳಿದೆ. “ನಿಮ್ಮ ಅತ್ತಿ ಕುಂದ್ರು ಅಂದಿದ್ದಿಲ್ಲವ್ವ. ಬ್ಯಾಡ ಅಂದಿದ್ರು. ನಾ ಸುಳ್ಳು ಹೇಳಿದೆ. ಅವರು ನನ್ನ ಮಾನ ಉಳಿಸಿದ್ರು.”

ಮಗಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಒಳಗೆ ಹೋಗಿ ಒಂದೇ ಕಪ್ಪು ಚಹಾವನ್ನು ಬಸಿಯ ಮೇಲಿಟ್ಟು ತಂದಳು. ನನ್ನನ್ನು ದಾಟಿ ಹೋಗಿ ಬೀಗತಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತಳು.

“ಅತ್ತೀ, ಚಾ ತಗೋರಿ. ಸಕ್ರಿ ಕಮ್ಮಿ ಹಾಕೀನಿ.”

ಬೀಗತಿ ಶೇಂಗಾದ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವಳ ತಲೆಯ ಮೇಲೆ ಇಟ್ಟರು. ಆಮೇಲೆ ಬಸಿಗೆ ಅರ್ಧ ಚಹಾ ಸುರಿದು ನನ್ನ ಕಡೆ ಚಾಚಿದರು.

“ಇನ್ನರ ಕುಂದರ್ರಿ, ಬೀಗರ.”