ದಕ್ಷಿಣಕ್ಕೆ ತಿರುಗಿದ ಬಿಸಿಲುಪೆಟ್ಟಿಗೆ

ಮಂಡಿ ಮೊಹಲ್ಲಾದ ಪ್ರಭಾಕರ ಲೋಹ ಕಾರ್ಖಾನೆಯಲ್ಲಿ, ಬಕೆಟ್ಟು ಟ್ರಂಕುಗಳ ನಡುವೆ ಸೂರ್ಯನಿಗೂ ಒಂದು ಕೆಲಸ ಹಚ್ಚಿದವರು ಯಾರೆಂದು ಕೇಳಿದರೆ, ಎಲ್ಲರೂ ತೋರಿಸುವುದು ಇಂದು ನಿವೃತ್ತರಾಗುತ್ತಿರುವ ಮೇಸ್ತ್ರಿ ಶ್ರೀ ಚಾಮಯ್ಯನವರನ್ನು. ಬೆಸುಗೆ ಹಾಕುವವರು ನಮ್ಮಲ್ಲಿ ಬೇಕಾದಷ್ಟು ಮಂದಿ. ಬೆಸುಗೆ ಹಾಕುತ್ತಲೇ ಯೋಚಿಸುವವರು ವಿರಳ.

೧೯೫೭ರಲ್ಲಿ ನಮ್ಮ ಮಾಲೀಕ ಕೃಷ್ಣಸ್ವಾಮಿಯವರು ಬಿಸಿಲಿನಿಂದ ಸ್ನಾನದ ನೀರು ಕಾಯಿಸುವ ಪೆಟ್ಟಿಗೆ ಮಾಡೋಣವೆಂದಾಗ ನಕ್ಕವರೇ ಹೆಚ್ಚು. ಚಾಮಯ್ಯನವರು ಮಾತ್ರ ಕಪ್ಪು ಬಳಿದ ತಗಡಿಗೆ ತಾಮ್ರದ ಕೊಳವೆ ಬೆಸೆದು, ಮೇಲೆ ಗಾಜು ಹೊದಿಸಿ, ಎರಡು ವರ್ಷ ಹಟ ಹಿಡಿದು ಕೂತರು. ಗಾಜು ಒಡೆಯಿತು, ಬೆಸುಗೆ ಬಿಟ್ಟಿತು, ಅವರು ಬಿಡಲಿಲ್ಲ.

೧೯೫೯ರ ಡಿಸೆಂಬರಿನಲ್ಲಿ ಮೊದಲ ಪೆಟ್ಟಿಗೆ ಯಾದವಗಿರಿಯ ಗಿರಾಕಿ ಶಾರದಮ್ಮನವರ ತಾರಸಿ ಏರಿತು. ನಾಲ್ಕು ದಿನವಾದರೂ ಸಂಜೆಯ ನೀರು ಉಗುರುಬೆಚ್ಚಗೇ! “ಶನಿವಾರದೊಳಗೆ ಕಾಯದಿದ್ರೆ ಈ ವಿಭಾಗ ಮುಚ್ಚಿಬಿಡೋಣ ಕಣಯ್ಯ,” ಎಂದರು ಮಾಲೀಕರು. ಚಾಮಯ್ಯನವರು ಯಾದವಗಿರಿಗೆ ಓಡಿದರು.

ತಾರಸಿ ಹತ್ತಿ ನೋಡಿದರೆ ದಕ್ಷಿಣಕ್ಕಿರಬೇಕಾದ ಪೆಟ್ಟಿಗೆ ಪೂರ್ವಕ್ಕೆ ಮುಖ ಮಾಡಿತ್ತು! ದಕ್ಷಿಣ ಯಮನ ದಿಕ್ಕು, ಅಲ್ಲಿಂದ ಸ್ನಾನದ ನೀರು ಬೇಡವೆಂದು ಶಾರದಮ್ಮನವರು ಹೇಳಿದ್ದರಂತೆ. ಜೋಡಿಸಲು ಹೋಗಿದ್ದ ಕೆಲಸದ ಹುಡುಗ ನಂಜಯ್ಯ ಒಪ್ಪಿಬಿಟ್ಟಿದ್ದ. “ಸೂರಪ್ಪ ಉಟ್ಟೋದೇ ಅಲ್ಲಿ ಅಲ್ವಾಣ್ಣ?” ಎಂದು ಅವನು ತಲೆ ಕೆರೆದುಕೊಂಡ.

ಚಾಮಯ್ಯನವರು ರೇಗಲಿಲ್ಲ. ಶಾರದಮ್ಮನವರ ಮುಂದೆ ಕೈಮುಗಿದು, “ಅಮ್ಮಾವ್ರೇ, ದಕ್ಷಿಣಾಮೂರ್ತಿ ಯಾವ ಕಡೆಗೆ ಮುಖ ಮಾಡ್ಕೊಂಡು ಕೂತವ್ರೆ? ಚಳಿಗಾಲದಲ್ಲಿ ಸೂರಪ್ಪನೂ ಆ ಕಡೆಯಿಂದ್ಲೇ ನೋಡ್ತಾನೆ,” ಎಂದರು. ಆ ತಾಯಿ, “ಮಾತಲ್ಲಿ ಗೆದ್ದೆ ಕಣಪ್ಪ, ತಿರುಗಿಸು,” ಎಂದರು. ಮಾಲೀಕರು ವಿಚಾರಿಸಿದಾಗ, “ನಾನೇ ಹುಡುಗನಿಗೆ ಸರಿಯಾಗಿ ಹೇಳ್ಕೊಟ್ಟಿರ್ಲಿಲ್ಲ ಸ್ವಾಮಿ,” ಎಂದು ತಪ್ಪನ್ನೆಲ್ಲ ತಮ್ಮ ತಲೆಗೆ ಕಟ್ಟಿಕೊಂಡ ದೊಡ್ಡತನ ಅವರದು.

ಶನಿವಾರ ಸಂಜೆ ಎಲ್ಲರೂ ಬಚ್ಚಲಿನ ಬಾಗಿಲಲ್ಲಿ ನಿಂತಿದ್ದರು. ಶಾರದಮ್ಮನವರು ನಲ್ಲಿ ತಿರುಗಿಸಿ ಕೈಯೊಡ್ಡಿದರು, ಮರುಕ್ಷಣವೇ ಹಿಂದಕ್ಕೆ ಹಾರಿದರು.

“ಅಯ್ಯಯ್ಯೋ! ಯಾರಾದ್ರೂ ಬೆರೆಸೋಕೆ ತಣ್ಣೀರು ತನ್ರಪ್ಪಾ!”

ಕೃಷ್ಣಸ್ವಾಮಿಯವರು ಗಹಗಹಿಸಿ ನಕ್ಕರು. ನಂಜಯ್ಯ ಕೊಡ ಹಿಡಿದು ಓಡಿದ. ಚಾಮಯ್ಯನವರು ತಾವೇ ಮುಂದೆ ಬಂದು ನಲ್ಲಿಗೆ ಕೈಯೊಡ್ಡಿ ನೋಡಿದರು.

ವಿಭಾಗ ಉಳಿಯಿತು, ಇಂದು ಹದಿನಾಲ್ಕು ಮಂದಿ ಅಲ್ಲಿ ದುಡಿದು ಉಣ್ಣುತ್ತಿದ್ದಾರೆ. ತಾಯಿ ಚಾಮುಂಡೇಶ್ವರಿ ಚಾಮಯ್ಯನವರಿಗೆ ನೂರು ವರ್ಷದ ಆಯುರಾರೋಗ್ಯಗಳನ್ನು ಕರುಣಿಸಲಿ. ಆಷಾಢದ ಮೋಡ ಕವಿದಾಗ ನೀರು ಕಾಯಿಸುವ ಉಪಾಯವಿನ್ನೂ ಸಿಕ್ಕಿಲ್ಲ. ಅದು ಸಿಗುವ ತನಕ ಚಾಮಯ್ಯನವರ ನಿವೃತ್ತಿ ಕಾಗದದ ಮೇಲಷ್ಟೇ!