ಬಿಸಾಡದೆ ಕೊಟ್ಟ ಪಾಲಕ್

ನಾನೊಂದು ಪಾಪ ಮಾಡಿದ್ದೇನೆ. ಊರಿನವರ ತಪ್ಪುಗಳನ್ನೆಲ್ಲ ಈ ಅಂಕಣದಲ್ಲಿ ಜೋರಾಗಿ ಬರೆಯುವವಳು ನಾನು. ಈ ವಾರ ನನ್ನದನ್ನೇ ಓದಿ.

ಸಿರುಗುಪ್ಪದಿಂದ ತಮ್ಮ ಬಂದಿದ್ದ. ಮಣ್ಣು ಪರೀಕ್ಷೆ ಮಾಡುವುದು ಅವನ ಕೆಲಸ. ಬಳ್ಳಾರಿಯ ನಮ್ಮ ಮನೆ ಬಾಗಿಲಲ್ಲಿ ನಾನು ಮೂರು ಕಟ್ಟು ಪಾಲಕ್ ಕೊಂಡೆ. 'ಎಲ್ಲಿ ಬೆಳದದ್ದವ್ವಾ?' ಎಂದು ಅವನು ಮಾರುವಾಕೆಯನ್ನು ಕೇಳಿದ.

'ದೊಡ್ಡ ಗಟಾರದ ಬಾಜೂಕ ಐತ್ರಿ ನಮ್ಮ ಹೊಲ. ಬ್ಯಾಸಿಗ್ಯಾಗೂ ನೀರಿಗೇನೂ ಕೊರತಿ ಇಲ್ಲ' ಎಂದಳು ಹೆಮ್ಮೆಯಿಂದ.

ಆಕೆ ಹೋದ ಮೇಲೆ ತಮ್ಮ ಹೇಳಿದ: 'ಅಕ್ಕಾ, ಊರಾಗಿನ ಬ್ಯಾಟರಿ, ಬಣ್ಣ ಎಲ್ಲಾ ಆ ಗಟಾರದ ನೀರಿಗೇ ಸೇರ್ತಾವ. ಸೀಸ, ಕ್ಯಾಡ್ಮಿಯಂ ಮಣ್ಣಾಗ ಉಳೀತಾವ. ಬೇರು ನೀರಿನ ಜೋಡಿ ಅವನ್ನೂ ಹೀರ್ತತಿ. ಸೊಪ್ಪಿನಾಗ ಇನ್ನೂ ಜಾಸ್ತಿ. ಮಕ್ಕಳಿಗೆ ಭಾಳ ಕೆಟ್ಟದ್ದು.'

'ಉಪ್ಪುನೀರಾಗ ತೊಳೀತೀನಲ್ಲೋ?'

'ಎಲಿ ಮ್ಯಾಲಿನ ಧೂಳು ಹೋಗ್ತತಿ. ಒಳಗಿಂದು ಹೆಂಗ ಹೋಗ್ತತಿ?'

ನಾವು ಕುಡಿಯುವ ನೀರಿಗೆ ಫಿಲ್ಟರ್ ಇದೆ. ಸೊಪ್ಪು ಕುಡಿದ ನೀರು ಯಾವುದೆಂದು ಎಂದಾದರೂ ಕೇಳಿದ್ದೇವೆಯೇ? (ಹಳೇ ಇನ್ವರ್ಟರ್ ಬ್ಯಾಟರಿಯ ನೀರನ್ನು ನಾವೂ ಮೋರಿಗೇ ಚೆಲ್ಲಿದ್ದೆವು. ತಮ್ಮನಿಗೆ ಹೇಳಲಿಲ್ಲ.)

ಸರಿ, ಪಾಲಕ್ ಬಿಸಾಡಬೇಕಿತ್ತು. ಮನಸ್ಸು ಬರಲಿಲ್ಲ. ಪಾತ್ರೆ ತೊಳೆಯಲು ಬರುವ, ಕುರುಗೋಡು ಕಡೆಯ ರೇಣುಕಾಳಿಗೆ ಮೂರೂ ಕಟ್ಟು ಕೊಟ್ಟುಬಿಟ್ಟೆ! ವಿಷಯ ಹೇಳಲಿಲ್ಲ. 'ಇಷ್ಟ್ಯಾಕ್ರೀ ಅಕ್ಕಾ' ಎಂದು ಆಕೆ ಸಂಕೋಚಪಟ್ಟಾಗ ದೊಡ್ಡ ದಾನಿಯಂತೆ ನಕ್ಕೆ ಕೂಡ.

ಮರುದಿನ ರೇಣುಕಾ ಒಂದು ಡಬ್ಬಿ ತಂದಳು. ಪಾಲಕ್ ಪಪ್ಪು, ನಾನು ಕೊಟ್ಟ ಸೊಪ್ಪಿಗೇ ಬೇಳೆ ಹಾಕಿ ಮಾಡಿದ್ದು. 'ಪಾಪುಗ ಇಷ್ಟ ಅಲ್ರೀ?' ಎಂದು ಊಟಕ್ಕೆ ಕೂತಿದ್ದ ನನ್ನ ಮಗಳಿಗೆ ತಾನೇ ಬಡಿಸಿದಳು. ನಾನು ಓಡಿಹೋಗಿ ತಟ್ಟೆ ಕಸಿದುಕೊಂಡೆ.

ರೇಣುಕಾಳ ಮುಖ ಸಣ್ಣದಾಯಿತು. 'ನಮ್ಮ ಮನ್ಯಾಗ ಮಾಡಿದ್ದು ನಿಮಗ ನಡ್ಯಂಗಿಲ್ಲೇನ್ರಿ?'

ಆಕೆ ಜಾತಿಯ ಕಾರಣಕ್ಕೆ ಎಂದುಕೊಂಡಿದ್ದಳು. ಅಯ್ಯೋ, ಅದಲ್ಲ ಎಂದು ಗಡಿಬಿಡಿಯಲ್ಲಿ ನಿಜವನ್ನೆಲ್ಲ ಹೇಳಿದೆ. ನಿಜ ಅದಕ್ಕಿಂತ ಒಳ್ಳೆಯದಾಗಿತ್ತೇ?

ಆಕೆ ಡಬ್ಬಿಯ ಮುಚ್ಚಳ ಹಾಕಿದಳು. 'ನಮ್ಮ ಹುಡುಗಿ ನಿನ್ನಿ ಎರಡು ಸಲ ಹಾಕಿಸ್ಕೊಂಡು ಉಂಡಾಳ್ರೀ.'

'ಒಂದಿನಕ್ಕೇನೂ ಆಗಂಗಿಲ್ಲ ರೇಣುಕಾ' ಎಂದೆ. ನಾಚಿಕೆಗೆ ಆಕೆಯ ಮುಖ ನೋಡಲಾಗಲಿಲ್ಲ.

'ಹಂಗಾದ್ರ ಪಾಪುನ ತಾಟು ಯಾಕ ಕಸ್ಕೊಂಡ್ರಿ?'