ಉಳಿದಷ್ಟು ನೋಟ

ಈನಾ ಮಕ್ಲೂರ್ ಒವಾಕಾ ಎಂಬ ಹಳ್ಳಿಯ ಶಾಲಾ ಬಸ್ಸನ್ನು ಇಪ್ಪತ್ತಾರು ವರ್ಷ ಓಡಿಸಿದಳು. ಕಡಲಂಚಿನ ಆ ಜಲ್ಲಿರಸ್ತೆಯ ತಿರುವುಗಳೆಲ್ಲ ಅವಳಿಗೆ ಬಾಯಿಪಾಠವಾಗಿದ್ದವು. ಅದಕ್ಕೇ ಕಣ್ಣಂಚಿನ ನೋಟ ಸವೆಯುತ್ತಿದ್ದದ್ದು ಅವಳಿಗೇ ತಿಳಿಯಲಿಲ್ಲ. ಒಂದು ಬೆಳಿಗ್ಗೆ ಎಡಗಡೆಯಿಂದ ರಸ್ತೆಗಿಳಿದ ಕುರಿಹಿಂಡಿನೊಳಕ್ಕೆ ಬಸ್ಸು ನುಗ್ಗಿತು. ಮಕ್ಕಳಿಗೇನೂ ಆಗಲಿಲ್ಲ, ಮೂರು ಕುರಿ ಸತ್ತವು. ಕುರಿಗಳು ತನಗೆ ಕಂಡೇ ಇರಲಿಲ್ಲವೆಂದು ಒಪ್ಪಿಕೊಂಡು ಅವಳು ಅಂದೇ ಕೆಲಸ ಬಿಟ್ಟಳು.

ಡನೀಡಿನ್ ಪಟ್ಟಣದ ವೈದ್ಯೆ ಗ್ಲಾಕೋಮಾ ಎಂದರು. ಕಣ್ಣೊಳಗಿನ ಒತ್ತಡ ನರವನ್ನು ಬಹಳಷ್ಟು ತಿಂದುಹಾಕಿತ್ತು. ಹನಿಮದ್ದಿಗೆ ಅದು ಬಗ್ಗದಾಗ, ಒಳಗಿನ ನೀರು ಹೊರಹರಿಯಲೆಂದು ಬಲಗಣ್ಣಿಗೆ ಸಣ್ಣ ಕೊಳವೆಯೊಂದನ್ನು ಕೂರಿಸಿದರು. ಒತ್ತಡ ಮೂವತ್ತೆಂಟರಿಂದ ಹದಿಮೂರಕ್ಕೆ ಇಳಿಯಿತು. ಹಾಗಾದರೆ ಹೋದ ನೋಟ ಯಾವಾಗ ಬರುತ್ತದೆಂದು ಈನಾ ಕೇಳಿದಳು.

"ಹೋದದ್ದು ಬರಲ್ಲ ಈನಾ. ಉಳಿದಿರೋದನ್ನ ಕಾಪಾಡೋಕೆ ಅಷ್ಟೇ ಇದು," ಎಂದರು ವೈದ್ಯೆ. ಮೊದಲೂ ಹೇಳಿದ್ದರು, ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ.

ಮರುವರ್ಷ ಎಡಗಣ್ಣಿಗೂ ಕೊಳವೆ ಕೂರಿಸಿದರು. ಶಸ್ತ್ರಚಿಕಿತ್ಸೆಯಲ್ಲಿ ಯಾರ ಕೈಯೂ ತಪ್ಪಲಿಲ್ಲ. ಆದರೂ ಒತ್ತಡ ಅತಿಯಾಗಿ ಕುಸಿದು, ಒಳಗೆ ರಕ್ತ ಒಸರಿ, ಆ ಕಣ್ಣು ಪೂರ್ತಿ ಆರಿಹೋಯಿತು. ಹೀಗೂ ಆಗಬಹುದೆಂದು ಅವಳು ಸಹಿ ಹಾಕಿದ ಕಾಗದದಲ್ಲಿಯೇ ಇತ್ತು.

ಇದು ರಕ್ತಸಂಬಂಧದಲ್ಲಿ ಹರಿಯುವ ಕಾಯಿಲೆ, ತಮ್ಮನನ್ನೂ ಕಳಿಸು ಎಂದಿದ್ದರು ವೈದ್ಯೆ. ತಮ್ಮ ಲ್ಯಾಕ್ಲನ್ ಸಮುದ್ರದಲ್ಲಿ ಮುಳುಗಿ ಚಿಪ್ಪು ಹೆಕ್ಕುವವನು. ಎರಡು ವರ್ಷ ಏನೇನೋ ನೆವ ಹೇಳಿದ. ಕೊನೆಗೊಂದು ಭಾನುವಾರ ಊಟದ ಮೇಜಿನಲ್ಲಿ ರೇಗಿದ.

"ನೀನು ಅಲ್ಲಿಗೆ ಹೋಗಿದ್ದಕ್ಕೇ ಕಣ್ಣು ಹೋಗಿದ್ದು. ನಾನೂ ಹೋಗಿ ಕಳ್ಕೊಂಡು ಬರ್ಲಾ?"

ಈನಾ ಅವನತ್ತ ಮುಖ ತಿರುಗಿಸಿದಳು. "ಹೋಗದೆ ಇದ್ದಿದ್ರೆ ಎರಡೂ ಹೋಗ್ತಿತ್ತು. ಈಗ ನಿನ್ನ ಮೂಗು, ಬಾಯಿ ಕಾಣ್ತಿದೆ. ನಿನ್ನ ಪಕ್ಕದಲ್ಲಿ ಮೋರಾಗ್ ಇದಾಳೋ ಎದ್ದು ಹೋದಳೋ, ಗೊತ್ತಿಲ್ಲ."

ಅವನ ಹೆಂಡತಿ ಮೋರಾಗ್ ಅಲ್ಲೇ ಕುಳಿತಿದ್ದಳು. ಕೈಯಲ್ಲಿದ್ದ ಚಹಾ ಬಟ್ಟಲನ್ನು ಕೆಳಗಿಟ್ಟಳು. ಆ ವಾರವೇ ಗಂಡನನ್ನು ಪರೀಕ್ಷೆಗೆ ಎಳೆದೊಯ್ದಳು.

ಅವನ ಎರಡೂ ಕಣ್ಣಿಗೆ ಕಾಯಿಲೆ ಹತ್ತಿತ್ತು. ಸದ್ಯಕ್ಕೆ ಹನಿಮದ್ದು ಸಾಕು, ಮುಂದಿನದು ಹೇಳಲಾಗದು ಎಂದರಂತೆ. ಈ ಸುದ್ದಿ ಈನಾಳಿಗೆ ಮೋರಾಗ್ ಬಾಯಿಂದಲೇ ತಿಳಿದದ್ದು. ಕಾಯಿಲೆಯನ್ನು ಅಕ್ಕನೇ ಅಂಟಿಸಿದಳೇನೋ ಎಂಬಂತೆ ಲ್ಯಾಕ್ಲನ್ ಮೂರು ತಿಂಗಳು ಅವಳ ಮನೆಯ ಕಡೆ ಸುಳಿಯಲಿಲ್ಲ.

ಚಳಿಗಾಲ ಮುಗಿಯುವ ಹೊತ್ತಿಗೆ ಬಂದ. ಕೋಟೂ ಬಿಚ್ಚದೆ ಕುಳಿತ.

"ನೋಟ ಹೋಗೋದು ನಿನಗೆ ಯಾವ ಕಡೆಯಿಂದ ಶುರುವಾಯ್ತು?" ಎಂದು ಕೇಳಿದ.

"ಮೂಗಿನ ಕಡೆಯಿಂದ ಅಂತ ಪರೀಕ್ಷೇಲಿ ಗೊತ್ತಾಯ್ತು," ಎಂದಳು ಈನಾ.

ಅವನು ಒಂದು ಕಣ್ಣು ಮುಚ್ಚಿ, ಕಿಟಕಿಯಾಚೆಗಿನ ಬೇಲಿಯನ್ನು ಬಹಳ ಹೊತ್ತು ನೋಡುತ್ತ ಕುಳಿತ. ಅವಳು ಏನು ಕಾಣುತ್ತಿದೆ ಎಂದು ಕೇಳಲಿಲ್ಲ.